ಮೋಡ ಸರಿಯಲಿ, ಹೊರಡೋಣ ಅತ್ತೆ

ಕೇಳುಗರಿಗೆ ನಮಸ್ಕಾರ.

ನಮ್ಮ ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಮಿಸಿಸಿಪ್ಪಿ ನದಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಮುದ್ರ ಸೇರುತ್ತದೆ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇ ಮಾಡಿಸಿದ್ದು. ನಾನು ಮಾತ್ರ ತುಂಗೆಯ ದಡ ಬಿಟ್ಟು ಹೋಗಿದ್ದು ಕಡಿಮೆ. ನಿವೃತ್ತಿಯಾದ ಮೇಲೆ ಒಂದು ದಿನ ಅಮೆರಿಕದಿಂದ ತಮ್ಮನ ಮಗನ ಫೋನ್ ಬಂತು. 'ಅತ್ತೆ, ಡಿಸೆಂಬರಿಗೆ ಬನ್ನಿ. ಚಳಿಗಾಲದ ರಜೆಗೆ ಅರಿಜೋನಾಕ್ಕೆ ಹೋಗೋಣ. ನಮ್ಮದೇ ವಿಮಾನದಲ್ಲಿ' ಅಂದ.

ನಮ್ಮದೇ ವಿಮಾನ ಅಂದರೆ ಏನೋ ಅಂದುಕೊಂಡಿದ್ದೆ. ನಾಲ್ಕು ಜನ ಸ್ನೇಹಿತರು ದುಡ್ಡು ಹಾಕಿ ಕೊಂಡ ಹಳೇ ವಿಮಾನ ಅದು. ಸೆಸ್ನಾ 172 ಅಂತ ಹೆಸರು. 1950ರ ದಶಕದಿಂದ ಈ ಮಾದರಿ ಬರುತ್ತಿದೆ, ಇದುವರೆಗೆ 44 ಸಾವಿರಕ್ಕೂ ಜಾಸ್ತಿ ತಯಾರಾಗಿವೆ. ಮುಂದೆ ಒಂದು ಫ್ಯಾನು, ಮೇಲೆ ಎರಡು ರೆಕ್ಕೆ, ಒಳಗೆ ನಾಲ್ಕು ಸೀಟು. ಮೊದಲ ಸಲ ನೋಡಿದಾಗ ಬಯಲಿನಲ್ಲಿ ಅದನ್ನು ಹಗ್ಗ ಹಾಕಿ ನೆಲಕ್ಕೆ ಕಟ್ಟಿದ್ದರು. ಎರಡು ರೆಕ್ಕೆಗೆ ಒಂದೊಂದು, ಬಾಲಕ್ಕೆ ಒಂದು. ಗಾಳಿ ಬಂದರೆ ಹಾರಿ ಹೋಗದಿರಲಿ ಅಂತ. ನಮ್ಮ ಕೊಟ್ಟಿಗೆಯ ದನ ನೆನಪಾಯಿತು.

ಇತ್ತ ನನ್ನ ತಮ್ಮನಿಗೆ ಸಿಟ್ಟು. 'ಅಡಿಕೆ ಕೊಯ್ಲಿನ ಟೈಮಲ್ಲಿ ಎಲ್ಲಿಗೆ ಹೊರಟೆ? ಅದೂ ಅವನ ಡಬ್ಬಾದಲ್ಲಿ!' ಅವನ ಹೆದರಿಕೆ ಮಗನ ಮೇಲಿನದ್ದು, ಬೈಗುಳ ಮಾತ್ರ ನನಗೆ.

ಹೊರಡುವ ಹಿಂದಿನ ದಿನ ಹುಡುಗ ಬಚ್ಚಲುಮನೆಯ ತೂಕದ ಯಂತ್ರ ತಂದು ಹಾಲಿನಲ್ಲಿ ಇಟ್ಟ. ಎಲ್ಲರೂ ಹತ್ತಬೇಕು ಅಂದ. ಸೊಸೆ ಹತ್ತಿದಳು, ನಾನೂ ಹತ್ತಿದೆ. ಅವನು ಗುಟ್ಟಿಲ್ಲದೆ ಜೋರಾಗಿ ಓದಿ ಬರೆದುಕೊಂಡ. ಲೆಕ್ಕ ಹೀಗಿದೆ. ಆ ವಿಮಾನ ತನ್ನ ಭಾರ ಬಿಟ್ಟು ಇನ್ನು ಸುಮಾರು 400 ಕೆಜಿ ಹೊರುತ್ತದೆ. ಟ್ಯಾಂಕು ತುಂಬಿಸಿದರೆ 200 ಲೀಟರ್ ಪೆಟ್ರೋಲು. ಅದೇ 144 ಕೆಜಿ ಆಯಿತು. ಉಳಿದದ್ದರಲ್ಲಿ ಜನ, ಬ್ಯಾಗು, ತಿಂಡಿ ಎಲ್ಲ. ಸೀಟು ನಾಲ್ಕಿದ್ದರೂ ಟ್ಯಾಂಕು ತುಂಬಿಸಿ ನಾಲ್ಕು ಜನ ದೊಡ್ಡವರು ಚೀಲ ಸಮೇತ ಕೂರುವ ಹಾಗಿಲ್ಲ. ನಾವು ಮೂವರು ಸೇರಿ 200 ಕೆಜಿ ದಾಟಿದ್ದೆವು. ಮೂವರ ಸಾಮಾನಿಗೆ ಒಟ್ಟು 50 ಕೆಜಿ. ನನ್ನ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯನ್ನೂ ತೂಗಿದ. ಒಂದೂವರೆ ಕೆಜಿ. 'ಇದು ಬೇಕೇ ಬೇಕಾ ಅತ್ತೆ?' ಅಂದ. ನನ್ನ ಎರಡು ಸೀರೆ ತೆಗೆದಿಟ್ಟು ಬಾಟಲಿ ಉಳಿಸಿಕೊಂಡೆ.

ಶನಿವಾರ ಬೆಳಿಗ್ಗೆ ಹೊರಡುವುದು ಅಂತ ಮಾತಾಗಿತ್ತು. ಹೊರಟಿದ್ದು ಸೋಮವಾರ. ಹುಡುಗನ ಮನೆ ಇರುವ ಓಹಾಯೋ ರಾಜ್ಯದ ಚಳಿಗಾಲ ಅಂದರೆ ತಲೆಯ ಮೇಲೆ ಬೂದಿ ಬಣ್ಣದ ಮೋಡದ ಸೂರು. ಆ ಮೋಡ ಎತ್ತರದಲ್ಲೂ ಇರುವುದಿಲ್ಲ, ಸರಿಯುವುದೂ ಇಲ್ಲ. ನಮ್ಮ ಹುಡುಗನಿಗೆ ಮೋಡದೊಳಗೆ ಉಪಕರಣ ನೋಡಿಕೊಂಡೇ ಹಾರುವ ಪರವಾನಗಿ ಬೇರೆ ಇದೆ. ಮತ್ತೆ ಯಾಕೆ ಹೊರಡಲ್ಲ ಅಂತ ಕೇಳಿದೆ. ಅವನು ಹೇಳಿದ್ದು ಕೇಳಿ ಭೂಗೋಳದ ಮೇಷ್ಟ್ರಮ್ಮನಿಗೆ ನಾಚಿಕೆಯಾಯಿತು. ಚಳಿಗಾಲದ ಮೋಡದಲ್ಲಿ ನೀರಿನ ಹನಿಗಳು ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೂ ಗಟ್ಟಿಯಾಗದೆ ನೀರಾಗಿಯೇ ತೇಲುತ್ತಿರುತ್ತವೆ. ರೆಕ್ಕೆ ತಾಗಿದ ಕ್ಷಣ ಹೆಪ್ಪುಗಟ್ಟಿ ಅಂಟುತ್ತವೆ. ಭಾರ ಏರುತ್ತದೆ. ಅದಕ್ಕಿಂತ ಮುಖ್ಯವಾಗಿ ರೆಕ್ಕೆಯ ಆಕಾರ ಕೆಡುತ್ತದೆ. ಗಾಳಿಯಲ್ಲಿ ಎತ್ತಿ ಹಿಡಿಯುವುದೇ ಆ ಆಕಾರ. ದೊಡ್ಡ ವಿಮಾನಗಳಲ್ಲಿ ಇಂಜಿನ್ನಿನ ಬಿಸಿಗಾಳಿ ಹರಿಸಿ ರೆಕ್ಕೆಯ ಅಂಚನ್ನು ಬೆಚ್ಚಗಿಡುತ್ತಾರೆ. ನಮ್ಮದರಲ್ಲಿ ಅದೆಲ್ಲ ಎಲ್ಲಿ?

ಸೋಮವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಆದರೆ ರೆಕ್ಕೆಯ ಮೇಲೆ ಬಿಳಿ ಹುಡಿ ಸವರಿದಂತೆ ಇಬ್ಬನಿ ಹೆಪ್ಪುಗಟ್ಟಿತ್ತು. 'ಇಷ್ಟೇ ತಾನೇ, ಒಂದು ಬಕೆಟ್ ಬಿಸಿನೀರು ಹುಯ್ಯಿ' ಅಂದೆ. ಬೇಡವಂತೆ. ಆ ನೀರು ಇಳಿದು ಹೋಗಿ ರೆಕ್ಕೆಯ ಕೀಲುಗಳಲ್ಲಿ ಮತ್ತೆ ಹೆಪ್ಪುಗಟ್ಟಿದರೆ ವಿಮಾನ ತಿರುಗಿಸಲಿಕ್ಕೇ ಬರುವುದಿಲ್ಲ. ಮರಳು ಕಾಗದದಷ್ಟು ತೆಳುವಾದ ಇಬ್ಬನಿಯೂ ರೆಕ್ಕೆಯ ಎತ್ತುವ ಶಕ್ತಿಯನ್ನು ನೂರಕ್ಕೆ 30ರಷ್ಟು ಇಳಿಸಬಲ್ಲದು. ಅದಕ್ಕೆ ಉಪಾಯವೇನು ಗೊತ್ತಾ? ವಿಮಾನವನ್ನು ಕೈಯಲ್ಲೇ ತಳ್ಳಿ ಬಿಸಿಲಿಗೆ ತಿರುಗಿಸಿ ಇಟ್ಟು ಕಾಯುವುದು! ಬೇಯಿಸಿದ ಅಡಿಕೆ ಹರವಿ ಬಿಸಿಲು ಕಾಯುವುದು ನನಗೆ ಹೊಸದಲ್ಲವಲ್ಲ. ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕೂತೆವು. ಕುಡಿಯಬಾರದಿತ್ತು. ಆ ವಿಮಾನದಲ್ಲಿ ಪಾಯಿಖಾನೆ ಇಲ್ಲ, ಒಂದು ಸಲ ಏರಿದರೆ ಮೂರು ಗಂಟೆ ಇಳಿಯುವುದಿಲ್ಲ.

ಇಂಜಿನ್ನಿನ ಕಥೆ ಇನ್ನೊಂದು. ರಾತ್ರಿಯೆಲ್ಲ ಅದಕ್ಕೆ ವಿದ್ಯುತ್ ಹೀಟರ್ ಹಾಕಿಟ್ಟಿದ್ದ. ಕೊರೆಯುವ ಚಳಿಯಲ್ಲಿ ಎಣ್ಣೆ ಗಟ್ಟಿಯಾಗುತ್ತದೆ, ಹಾಗೇ ಶುರು ಮಾಡಿದರೆ ಒಳಗೆಲ್ಲ ಸವೆತ. ನಮ್ಮಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಹಂಡೆಗೆ ಬೆಂಕಿ ಹಾಕುವ ಹಾಗೆ ಅಲ್ಲಿ ಇಂಜಿನ್ನಿಗೆ. ಆಮೇಲೆ ಕಡ್ಡಿ ಅದ್ದಿ ಎಣ್ಣೆ ನೋಡಿದ. ಟ್ಯಾಂಕಿಗೂ ಕೋಲು ಅದ್ದಿ ಪೆಟ್ರೋಲು ಅಳೆದ. ತಳದಿಂದ ಒಂದು ಸಣ್ಣ ಗಾಜಿನ ಲೋಟಕ್ಕೆ ಪೆಟ್ರೋಲು ಇಳಿಸಿ, ನೀರು ಬೆರೆತಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದ. ನಮ್ಮಪ್ಪ ಜೀಪು ತೆಗೆಯುವ ಮುಂಚೆ ಬಾನೆಟ್ ಎತ್ತಿ ಹೀಗೇ ಬಗ್ಗಿ ನೋಡುತ್ತಿದ್ದರು. ಅಜ್ಜನನ್ನು ಅವನು ಸರಿಯಾಗಿ ನೋಡಿದವನೂ ಅಲ್ಲ. ಬಗ್ಗುವ ರೀತಿ ಮಾತ್ರ ಅದೇ.

ಅಂತೂ ಏರಿದೆವು. ಸದ್ದು ಅಂದರೆ ಸದ್ದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಮಾತು. ಪಶ್ಚಿಮಕ್ಕೆ ಹೋಗುವವರು 6,500, 8,500 ಅಡಿ ಹೀಗೆ ಸಮಸಂಖ್ಯೆಯ ಸಾವಿರದ ಮೇಲೆ ಐನೂರರಲ್ಲಿ ಹಾರಬೇಕು. ಪೂರ್ವಕ್ಕೆ ಬರುವವರು 7,500, 9,500 ಹೀಗೆ ಬೆಸಸಂಖ್ಯೆಯಲ್ಲಿ. ಎದುರುಬದುರಾಗದಿರಲಿ ಅಂತ ಇರುವ ಎಡಪಕ್ಕ ಬಲಪಕ್ಕದ ನಿಯಮ ಇದು. 8,500 ಅಡಿ ಅಂದರೆ ಕೊಡಚಾದ್ರಿಯ ಮೇಲೆ ಇನ್ನೊಂದು ಕೊಡಚಾದ್ರಿ ಇಟ್ಟಷ್ಟು ಎತ್ತರ, ಹತ್ತಿರ ಹತ್ತಿರ. ಅಲ್ಲಿ ಗಾಳಿಯ ಒತ್ತಡ ನೆಲದ ಮಟ್ಟಕ್ಕಿಂತ ಕಾಲುಭಾಗ ಕಡಿಮೆ. ದೊಡ್ಡ ವಿಮಾನದಲ್ಲಿ ಒಳಗಿನ ಒತ್ತಡ ಕಾಪಾಡುತ್ತಾರೆ, ಇದರಲ್ಲಿ ಆ ವ್ಯವಸ್ಥೆ ಇಲ್ಲ. ನನ್ನ ಉಪ್ಪಿನಕಾಯಿ ಬಾಟಲಿಯೊಳಗೆ ಸೇರಿಕೊಂಡಿದ್ದ ಗಾಳಿ ಹಿಗ್ಗಿತು. ಮುಚ್ಚಳದ ಸಂದಿಯಿಂದ ರಸ ಜಿನುಗಿತು. ವಿಮಾನದ ತುಂಬಾ ಅಪ್ಪೆಮಿಡಿ ಪರಿಮಳ! ಹುಡುಗ ಏನೂ ಅನ್ನಲಿಲ್ಲ. ಸೊಸೆ ಟವೆಲ್ ಕೊಟ್ಟಳು.

ಬೆಚ್ಚಗಿರಲು ಹೊಗೆ ಕೊಳವೆಯ ಸುತ್ತ ಕಾದ ಗಾಳಿಯನ್ನೇ ಒಳಗೆ ಬಿಡುತ್ತಾರೆ. ಕೊಳವೆ ಬಿರುಕು ಬಿಟ್ಟಿದ್ದರೆ ವಿಷಗಾಳಿ, ಅಂದರೆ ಕಾರ್ಬನ್ ಮಾನಾಕ್ಸೈಡ್, ಒಳಗೆ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಅನಾಹುತವಾಗುವುದು ಈ ಗಾಳಿಯಿಂದಲೇ. ಅದನ್ನು ಪತ್ತೆ ಹಚ್ಚುವ ಸಣ್ಣ ಯಂತ್ರ ಅವನ ಮುಂದೆ ಅಂಟಿಸಿತ್ತು. ಇಂಜಿನ್ ನಿಂತರೆ ಏನು ಗತಿ ಅಂತಲೂ ಕೇಳಿದೆ, ಕೇಳದೆ ಇರಲಿಕ್ಕಾಗುತ್ತದಾ? ಆ ಎತ್ತರದಿಂದ 20 ಕಿಲೋಮೀಟರಿನಷ್ಟು ತೇಲಿಕೊಂಡು ಹೋಗಿ ಇಳಿಯಬಹುದಂತೆ. ಕೆಳಗೆ ನೋಡಿದರೆ ಎಲ್ಲೆಲ್ಲೂ ಬಯಲು ಹೊಲ. ನಮ್ಮ ಕಡೆ ಆಗಿದ್ದರೆ? ಕಾಡು, ಗುಡ್ಡ, ಮಧ್ಯೆ ಚಾಪೆಯಷ್ಟಗಲ ಗದ್ದೆ. ಮುಂದೆ ಕೇಳಲಿಲ್ಲ.

ಮಧ್ಯಾಹ್ನದ ಮೇಲೆ ಮಿಸಿಸಿಪ್ಪಿ ಬಂತು. ಪಾಠ ಮಾಡುವಾಗ ನಕ್ಷೆಯಲ್ಲಿ ನೀಲಿ ಗೆರೆ ಎಳೆಯುತ್ತಿದ್ದೆ. ನದಿ ನೀಲಿ ಇಲ್ಲ, ಕೆಸರಿನ ಬಣ್ಣ. ಹಾವಿನ ಹಾಗೆ ಹೊರಳಿ ಹೊರಳಿ ಹಳೇ ಪಾತ್ರಗಳನ್ನು ಬಿಟ್ಟು ಹೋಗಿದೆ. ಬಿಟ್ಟು ಹೋದ ತಿರುವುಗಳೆಲ್ಲ ಕುದುರೆ ಲಾಳದ ಆಕಾರದ ಕೆರೆಗಳು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಚಿತ್ರ ಕಿಟಕಿಯ ಕೆಳಗೆ ಸಾಲಾಗಿ ಬಿದ್ದಿತ್ತು. ನಾನು ಅತ್ತೆ ಅಂತ ಮರೆತು ಕಿಟಕಿಗೆ ಮೂಗು ಒತ್ತಿ ಕೂತೆ.

ಆ ಸಂಜೆ ಅರ್ಕನ್ಸಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಇಳಿದೆವು. ಅಮೆರಿಕದಲ್ಲಿ ಜನ ಬಳಸುವ ವಿಮಾನ ನಿಲ್ದಾಣಗಳು 5 ಸಾವಿರದಷ್ಟಿವೆ. ಟಿಕೆಟ್ ಕೊಂಡು ಹೋಗುವ ವಿಮಾನ ಬರುವುದು ಅದರಲ್ಲಿ ಹತ್ತರಲ್ಲಿ ಒಂದಕ್ಕೆ. ಉಳಿದವೆಲ್ಲ ಇಂಥ ಸಣ್ಣ ವಿಮಾನಗಳಿಗೆ. ಒಂದು ಡಾಂಬರಿನ ಪಟ್ಟಿ, ಒಂದು ಶೆಡ್ಡು, ಕಾರ್ಡ್ ಉಜ್ಜಿ ನಾವೇ ಹಾಕಿಕೊಳ್ಳುವ ಪೆಟ್ರೋಲ್ ಪಂಪು. ಇಳಿದು ಬಂದ ಪೈಲಟ್‌ಗೆ ಊರೊಳಗೆ ಹೋಗಿ ಬರಲು ಹಳೇ ಕಾರೊಂದನ್ನು ಪುಕ್ಕಟೆ ಕೊಡುತ್ತಾರೆ! ನಮಗೆ ಸಿಕ್ಕಿದ್ದು ಪೊಲೀಸರು ಬಳಸಿ ಬಿಟ್ಟ ಕಾರು. ಪುಸ್ತಕದಲ್ಲಿ ಹೆಸರು ಬರೆದು ಬೀಗದ ಕೈ ತೆಗೆದುಕೊಳ್ಳುವುದು, ವಾಪಸ್ ತರುವಾಗ ಪೆಟ್ರೋಲು ಹಾಕಿ ತರುವುದು. ಅಷ್ಟೇ ಕರಾರು.

ಅಲ್ಲಿ ಮೂರು ರಾತ್ರಿ ಸಿಕ್ಕಿಕೊಂಡೆವು. ಮೇಲೆ ಬೆಚ್ಚನೆಯ ಗಾಳಿಯ ಪದರ, ನೆಲದ ಹತ್ತಿರ ಕೊರೆಯುವ ಗಾಳಿ. ಮೇಲಿಂದ ಮಳೆಯಾಗಿ ಬೀಳುವ ನೀರು ಮುಟ್ಟಿದ್ದೆಲ್ಲದರ ಮೇಲೆ ಗಾಜಾಗುತ್ತದೆ. ತಂತಿ ಬೇಲಿ, ಹುಲ್ಲಿನ ಎಸಳು, ಕಾರಿನ ಹಿಡಿ, ಎಲ್ಲವೂ ಗಾಜಿನ ಅಚ್ಚು. ಆಗುಂಬೆ ಮಳೆ ಕಂಡವಳಿಗೂ ಇದು ಬೇರೆ ಜಾತಿಯ ಮಳೆ. ಹುಡುಗ ಗಂಟೆಗೊಮ್ಮೆ ಹವಾಮಾನ ನೋಡುತ್ತಿದ್ದ. 'ಮೋಡ ಸರಿಯಲಿ, ಹೊರಡೋಣ ಅತ್ತೆ' ಅನ್ನುವುದು, ಮತ್ತೆ ನೋಡುವುದು. ನಾನು ಆ ಶೆಡ್ಡಿನ ಸೋಫಾದಲ್ಲಿ ಕೂತು ಸ್ವೆಟರ್ ಹೆಣೆದೆ. ಬೆಳಿಗ್ಗೆ ಬೆಳಿಗ್ಗೆ ನಾಲ್ಕೈದು ಮುದುಕರು ಕಾಫಿಗೆ ಬಂದು ಕೂರುತ್ತಿದ್ದರು. ಅವರಲ್ಲಿ ಯಾರೂ ಆ ದಿನ ಹಾರುವವರಲ್ಲ. ಸುಮ್ನೆ ಬರುವುದು, ಆಕಾಶ ನೋಡುವುದು, 'ಇವತ್ತು ಆಗಲ್ಲ' ಅನ್ನುವುದು, ಹೋಗುವುದು. ನಮ್ಮೂರ ಅರಳಿಕಟ್ಟೆಯ ಜನ ಇಲ್ಲಿಗೆ ಯಾವಾಗ ಬಂದರು ಅನಿಸಿತು.

ಟೆಕ್ಸಸ್ ದಾಟುವುದು ಇನ್ನೊಂದು ತಪಸ್ಸು. ಚಳಿಗಾಲದಲ್ಲಿ ಅಲ್ಲಿ ಮೇಲೆ ಪಶ್ಚಿಮದ ಗಾಳಿ ಜೋರು. ನಮ್ಮ ವಿಮಾನದ ವೇಗ ಗಂಟೆಗೆ 200 ಕಿಲೋಮೀಟರ್ ಇದ್ದರೂ ಎದುರುಗಾಳಿ 70 ಕಿತ್ತುಕೊಂಡಿತು. ಕೆಳಗೆ ಹೆದ್ದಾರಿಯ ಲಾರಿಗಳು ನಮ್ಮ ಜೊತೆಜೊತೆಗೇ ಬರುತ್ತಿದ್ದವು. ಒಂದು ಕೆಂಪು ಲಾರಿಯನ್ನು ಅರ್ಧ ಗಂಟೆ ನೋಡಿದ್ದೇನೆ. ಹೊಲಗಳು ಅಲ್ಲಿ ಗುಂಡಗೆ, ದೋಸೆ ಹುಯ್ದ ಹಾಗೆ. ಮಧ್ಯದ ಗೂಟಕ್ಕೆ ಕಟ್ಟಿದ ನೀರಿನ ಕೊಳವೆ ಗಡಿಯಾರದ ಮುಳ್ಳಿನಂತೆ ಸುತ್ತುವುದರಿಂದ ಬೆಳೆಯೂ ಗುಂಡಗೆ. ಮುಂದೆ ಗ್ವಾಡಲೂಪ್ ಬೆಟ್ಟಗಳು, 2,667 ಮೀಟರ್ ಎತ್ತರದವು. ಗಾಳಿ ಬೆಟ್ಟ ಹತ್ತಿ ಆಚೆ ಬದಿ ಜಲಪಾತದಂತೆ ಬೀಳುತ್ತದೆ, ಅದರಡಿ ಸಿಕ್ಕಿದ ವಿಮಾನವನ್ನೂ ಕೆಳಗೆ ಒತ್ತುತ್ತದೆ. ಅದಕ್ಕೆ ಒಂದು ದಿನ ಪೂರ್ತಿ ಗಾಳಿ ಇಳಿಯಲಿ ಅಂತ ಕಾದೆವು. ಆಮೇಲೂ ಬೆಟ್ಟದ ತಂಟೆಗೆ ಹೋಗದೆ ದಕ್ಷಿಣಕ್ಕೆ ಸರಿದು ಹೆದ್ದಾರಿ ಹಿಡಿದುಕೊಂಡೇ ಹೋದೆವು.

ಅರಿಜೋನಾದ ಟೂಸಾನ್ ತಲುಪಿದ್ದು ಒಂಬತ್ತನೇ ದಿನ. ಗಾಳಿಯಲ್ಲಿ ಇದ್ದದ್ದು ಒಟ್ಟು 16 ಗಂಟೆ. ಕಾರಿನಲ್ಲಿ ಮೂರು ದಿನಕ್ಕೆ ಮುಗಿಯುವ ದಾರಿ ಅದು. ಟಿಕೆಟ್ ಕೊಂಡಿದ್ದರೆ ಒಂದೇ ದಿನ, ದುಡ್ಡೂ ಕಡಿಮೆ. ಯಾಕೆ ಬೇಕಪ್ಪಾ ಇದು ಅಂತ ಅವನನ್ನು ಕೇಳಲಿಲ್ಲ. ಲಾಳದ ಕೆರೆ ನೋಡಿದ ಮೇಲೆ ಕೇಳಲು ನನಗೆ ಬಾಯಿ ಇರಲಿಲ್ಲ.

ಟೂಸಾನಿನಲ್ಲಿ ಐದು ದಿನ ಬಿಸಿಲು ಕಾಯಿಸಿದೆವು. ಆಳೆತ್ತರದ ಕಳ್ಳಿ, ಒಣ ಗಾಳಿ. ಅಲ್ಲಿಯ ಸೇನಾ ನೆಲೆಯಲ್ಲಿ ಕೆಲಸ ಮುಗಿದ ವಿಮಾನಗಳನ್ನು ಸಾವಿರಗಟ್ಟಲೆ ಬಯಲಲ್ಲೇ ನಿಲ್ಲಿಸಿದ್ದಾರೆ. ವರ್ಷಕ್ಕೆ 300 ಮಿಲಿಮೀಟರ್ ಮಳೆಯೂ ಇಲ್ಲದ ಊರು, ತುಕ್ಕು ಹಿಡಿಯುವ ಭಯ ಕಡಿಮೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಸುರಿಯುತ್ತದೆ. ಅಲ್ಲಿ ನಿಲ್ಲಿಸಿದ್ದರೆ ಒಂದೇ ಮಳೆಗಾಲಕ್ಕೆ ರೆಕ್ಕೆಯ ಮೇಲೆ ಪಾಚಿ, ಎರಡನೇದಕ್ಕೆ ಜರಿಗಿಡ.

ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಹೀಗೆ ಹೋಗಬಹುದಾ ಅಂತ ಹಲವರು ಕೇಳಿದ್ದಾರೆ. ರನ್‌ವೇ ಏನೋ ಭರ್ಜರಿಯಾಗಿದೆ, 3,200 ಮೀಟರ್. ಸೆಸ್ನಾಕ್ಕೆ 500 ಮೀಟರ್ ಸಾಕು. ಕಷ್ಟ ಇರುವುದು ಪೆಟ್ರೋಲಿನಲ್ಲಿ. ಇವು ಕುಡಿಯುವುದು ಆವ್‌ಗ್ಯಾಸ್ ಅನ್ನುವ ವಿಶೇಷ ಪೆಟ್ರೋಲು. ನಮ್ಮ ದೇಶಕ್ಕೆ ಅದು ಹೊರಗಿಂದಲೇ ಬರುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ವಡೋದರಾದಲ್ಲಿ ತಯಾರಿಸಿದ್ದನ್ನು ಮಾರಾಟಕ್ಕೆ ಬಿಟ್ಟಿತು. ಎಲ್ಲ ನಿಲ್ದಾಣದಲ್ಲಿ ಸಿಗುವುದಿಲ್ಲ. ಪ್ರತಿ ಹಾರಾಟಕ್ಕೂ ಮೊದಲೇ ಅನುಮತಿ ಬೇರೆ. ಪುಕ್ಕಟೆ ಕಾರಂತೂ ಬಿಡಿ.

ವಾಪಸಾಗುವಾಗ ಅದೇ ಗಾಳಿ ಬೆನ್ನಿಗೆ ಬಂತು. ಗಂಟೆಗೆ 270 ಕಿಲೋಮೀಟರ್! ಒಂಬತ್ತು ದಿನದ ದಾರಿಯಲ್ಲಿ ಬಹುಪಾಲು ಒಂದೂವರೆ ದಿನಕ್ಕೆ ಹಿಂದೆ ಬಿತ್ತು. ಭಾನುವಾರ ಮಧ್ಯಾಹ್ನ ಕೆಂಟಕಿಯ ಒಂದು ಊರಿನಲ್ಲಿ ಪೆಟ್ರೋಲಿಗೆ ಇಳಿದೆವು. ಇನ್ನು ಒಂದೂವರೆ ಗಂಟೆ ಹಾರಿದರೆ ಮನೆ. ಸೋಮವಾರ ಇಬ್ಬರಿಗೂ ಆಫೀಸು. ಉತ್ತರಕ್ಕೆ ನೋಡಿದರೆ ಅದೇ ಬೂದಿ ಸೂರು ಕಾದು ಕೂತಿತ್ತು. ಮೋಡದೊಳಗೆ ಮಂಜುಗಡ್ಡೆ ಕಟ್ಟುತ್ತಿದೆ ಅಂತ ಬೇರೆ ಪೈಲಟ್‌ಗಳ ವರದಿ ಬಂದಿತ್ತು. ಸೊಸೆ ಗಡಿಯಾರ ನೋಡಿದಳು. ನಾನು, ಮೂರು ರಾತ್ರಿ ಸೋಫಾದಲ್ಲಿ ಕೂತು ಕಲಿತವಳು, 'ಇಷ್ಟು ದೂರ ಬಂದಾಯಿತಲ್ಲ, ಒಂದೂವರೆ ಗಂಟೆ ತಾನೇ' ಅಂದುಬಿಟ್ಟೆ! ಹುಡುಗ ನನ್ನ ಮುಖ ನೋಡಿದ. ಮಾತಾಡದೆ ಹೋಗಿ ಮೂರೂ ಹಗ್ಗ ಕಟ್ಟಿ ಬಂದ. ಬಾಡಿಗೆ ಕಾರಿನಲ್ಲಿ ನಾಲ್ಕು ಗಂಟೆ ಮಳೆಯಲ್ಲಿ ಮನೆಗೆ ಹೋದೆವು. ದಾರಿಯಲ್ಲಿ ನನ್ನ ತಮ್ಮ ಫೋನ್ ಮಾಡಿದ. ಎಲ್ಲಿದ್ದೀರಿ ಅಂದ. ರಸ್ತೆ ಮೇಲೆ ಅಂದೆ. 'ಸದ್ಯ' ಅಂತ ಇಟ್ಟುಬಿಟ್ಟ.

ಮನೆ ಸೇರಿದ ಮೇಲೆ ನೆನಪಾಯಿತು, ಉಪ್ಪಿನಕಾಯಿ ವಿಮಾನದಲ್ಲೇ ಉಳಿದಿದೆ ಅಂತ.

ಆಕಾಶ ತಿಳಿಯಾಗಿ, ಹುಡುಗ ಹೋಗಿ ವಿಮಾನ ತಂದಿದ್ದು ಮೂರನೇ ಶನಿವಾರ. ಅಷ್ಟು ಹೊತ್ತಿಗೆ ನಾನು ಊರಿನಲ್ಲಿ ಅಡಿಕೆ ಅಂಗಳದಲ್ಲಿದ್ದೆ. ಫೋನ್ ಮಾಡಿ ಹೇಳಿದ. ಬಾಟಲಿ ಚಳಿಗೆ ಏನೂ ಆಗದೆ ಕೂತಿತ್ತಂತೆ. ಹದಿನೈದು ದಿನಕ್ಕೂ ಮೇಲೆ ವಿಮಾನ ನೋಡಿಕೊಂಡ ಅಲ್ಲಿಯ ಮುದುಕನಿಗೆ ಏನು ಕೊಡುವುದು ಅಂತ ಒಂದು ಮಿಡಿ ತೆಗೆದು ಕೊಟ್ಟನಂತೆ. ಆತ ಕಚ್ಚಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದು ಇಂಜಿನ್ನಿಗೆ ಹಾಕುವುದಾ, ತಿನ್ನುವುದಾ?' ಅಂತ ಕೇಳಿದನಂತೆ. ಆಮೇಲೆ ಇನ್ನೊಂದು ಮಿಡಿಗೆ ಕೈ ನೀಡಿದನಂತೆ.