ಸಿಸೇರಿಯನ್ ಹೊತ್ತಿನಲ್ಲಿ ರಕ್ತ ಉಳಿಸುವ ಮದ್ದು

ಕೇಳುಗರಿಗೆಲ್ಲ ನಮಸ್ಕಾರ.

ಸಿಸೇರಿಯನ್‌ನಲ್ಲಿ ಮಗು ಹೊರಬಂದ ಕೂಡಲೇ ಎಲ್ಲರ ಗಮನ ಅದರ ಅಳುವಿನ ಕಡೆಗೆ ಅಲ್ವಾ? ಅರಿವಳಿಕೆ ವೈದ್ಯರ ಕಣ್ಣು ಮಾತ್ರ ತಾಯಿಯ ಮೇಲೇ ಇರುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿಕೊಂಡ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ವೈದ್ಯರು ತಾವು ಕೊಯ್ದ ಜಾಗವನ್ನು ಹೊಲಿಯಬಹುದು, ಈ ಬಾಯಿಗಳನ್ನು ಹೊಲಿಯಲಾಗದು. ಗರ್ಭಕೋಶವೇ ಗಟ್ಟಿಯಾಗಿ ಮುದುಡಿ ಅವನ್ನು ಹಿಚುಕಿ ಮುಚ್ಚಬೇಕು.

ಅದಕ್ಕೇ ಮೊದಲ ಮದ್ದು ಆಕ್ಸಿಟೋಸಿನ್. ನಮ್ಮ ಮೈಯಲ್ಲೇ ಹುಟ್ಟುವ ಹಾರ್ಮೋನು ಇದು. ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿಗ್ನೋ ಅವರಿಗೆ 1955ರಲ್ಲಿ ನೊಬೆಲ್ ಬಂತು. ಒಂದೇ ತೊಂದರೆ, ಇದು ಫ್ರಿಜ್ಜಿನಲ್ಲೇ ಇರಬೇಕು. ಬಿಸಿಗೆ ಬಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಇದೇ ಕೆಲಸ ಮಾಡುವ, ಬಿಸಿ ತಾಳುವ ಕಾರ್ಬೆಟೋಸಿನ್ ಎಂಬ ಮದ್ದು ಈಗ ಬಂದಿದೆ.

ಇನ್ನೊಂದು ಮದ್ದು ಟ್ರಾನೆಕ್ಸಾಮಿಕ್ ಆಸಿಡ್. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಕಂಡುಹಿಡಿದದ್ದು. ನಾಳದ ಬಾಯಲ್ಲಿ ಕಟ್ಟಿದ ಹೆಪ್ಪನ್ನು ನಮ್ಮ ದೇಹವೇ ಕರಗಿಸುತ್ತಾ ಬರುತ್ತದೆ. ಈ ಮದ್ದು ಆ ಕರಗುವಿಕೆಯನ್ನು ತಡೆಯುತ್ತದೆ, ಅಷ್ಟೇ. ಹೊಕ್ಕುಳ ಬಳ್ಳಿಗೆ ಕ್ಲಾಂಪ್ ಹಾಕಿದ ಮೇಲೆ 1 ಗ್ರಾಂ ಅನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಬಳ್ಳಿ ಮುಚ್ಚಿರುವುದರಿಂದ ಮದ್ದು ಅದರ ಮೂಲಕ ಮಗುವಿಗೆ ಹೋಗುವುದಿಲ್ಲ.

ರಕ್ತಸ್ರಾವ ಶುರುವಾದ ಮೇಲೆ ಇದು ಜೀವ ಉಳಿಸುತ್ತದೆ. ಸುಮಾರು 20,000 ತಾಯಂದಿರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ತೋರಿಸಿತು. ಮೂರು ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಆದರೆ ಮುಂಜಾಗ್ರತೆಯಾಗಿ ಎಲ್ಲರಿಗೂ ಕೊಟ್ಟರೆ? ಫ್ರಾನ್ಸಿನ 2021ರ ಅಧ್ಯಯನದಲ್ಲಿ 1 ಲೀಟರಿಗಿಂತ ಜಾಸ್ತಿ ರಕ್ತ ಕಳೆದುಕೊಂಡವರು ಅಥವಾ ರಕ್ತ ಹಾಕಿಸಿಕೊಂಡವರು ಮದ್ದಿಲ್ಲದ ಗುಂಪಿನಲ್ಲಿ ನೂರಕ್ಕೆ 31.6, ಮದ್ದು ಪಡೆದ ಗುಂಪಿನಲ್ಲಿ 26.7. ರಕ್ತ ಹಾಕಬೇಕಾದವರನ್ನೇ ಬೇರೆಯಾಗಿ ಎಣಿಸಿದರೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಮೆರಿಕದಲ್ಲಿ ಸುಮಾರು 11,000 ತಾಯಂದಿರ ಮೇಲೆ ನಡೆದ 2023ರ ಅಧ್ಯಯನದಲ್ಲೂ ಸಾವು ಅಥವಾ ರಕ್ತ ಹಾಕುವುದು ಖಚಿತವಾಗಿ ಕಡಿಮೆಯಾಗಲಿಲ್ಲ.

ನನಗನಿಸುವುದು ಇಷ್ಟು: ಸುಮ್ನೆ ಎಲ್ಲರಿಗೂ ಚುಚ್ಚುವುದಕ್ಕಿಂತ, ಅವಳಿ ಮಕ್ಕಳು, ಕೆಳಗೆ ಕೂತ ಮಾಸು, ಹಿಂದಿನ ಹೆರಿಗೆಯ ರಕ್ತಸ್ರಾವ, ಇಂಥ ಅಪಾಯ ಇರುವವರಿಗೆ ಯೋಚಿಸಿ ಕೊಡುವುದು ಲೇಸು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಸ್ವಲ್ಪ ರಕ್ತ ಹೋದರೂ ತಾಯಿ ಸೋಲುತ್ತಾಳೆ. ಅದಕ್ಕೆ ತಿಂಗಳುಗಳ ಮೊದಲೇ ಕಬ್ಬಿಣಾಂಶದ ಮಾತ್ರೆ ಶುರುವಾಗಬೇಕು.

ಆಪರೇಷನ್ ಥಿಯೇಟರಿನ ಒಂದು ಮಾತು. ಟ್ರಾನೆಕ್ಸಾಮಿಕ್ ಆಸಿಡ್ಡಿನ ಆಂಪೂಲ್, ಅಂದರೆ ಪುಟ್ಟ ಗಾಜಿನ ಸೀಸೆ, ಬೆನ್ನಿಗೆ ಚುಚ್ಚುವ ಅರಿವಳಿಕೆ ಮದ್ದಿನ ಆಂಪೂಲಿನಂತೆಯೇ ಕಾಣಬಹುದು. ತಪ್ಪಿ ಬೆನ್ನಿಗೆ ಹೋಗಿ ಫಿಟ್ಸ್ ಬಂದು ಸಾವಾದದ್ದೂ ಉಂಟು. ಹಾಗಾಗಿ ಅರಿವಳಿಕೆಯ ಟ್ರೇ ಹತ್ತಿರ ಇದನ್ನು ಇಡಲೇಬಾರದು.

ನಿಮಗೆ ಹಿಂದೆಂದಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಫಿಟ್ಸ್ ಬಂದಿದ್ದರೆ, ಕಿಡ್ನಿ ತೊಂದರೆ ಇದ್ದರೆ ಹೆರಿಗೆಗೆ ಮೊದಲೇ ವೈದ್ಯರಿಗೆ ಹೇಳಿ, ಕೇಸ್ ಶೀಟಿನಲ್ಲಿ ಬರೆಸಿಬಿಡಿ. ನಮಸ್ಕಾರ.