ಕ್ಯಾಸೆಟ್ಟಿನ ಒಡೆಯ ಯಾರು?

ಕೇಳುಗ ಮಿತ್ರರಿಗೆ ನಮಸ್ಕಾರ. ವಿಡಿಯೊ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳ ಬಗ್ಗೆ ಒಂದಿಷ್ಟು ಹೊತ್ತು ಮಾತನಾಡಬೇಕೆಂದು ನಿಲಯದವರು ಕೇಳಿದಾಗ, ಹಳೆಯ ನೆನಪುಗಳನ್ನು ಮೆಲುಕು ಹಾಕುವ ಮಾತು ಅವರಿಗೆ ಬೇಕಾಗಿದೆ ಎಂಬುದು ನನಗೆ ತಿಳಿಯಿತು. ಸಾಲು ಸಾಲು ಕಪಾಟುಗಳು, ನಟನಟಿಯರ ಮುಖ ಹೊತ್ತ ಖಾಲಿ ಡಬ್ಬಿಗಳು, ನಾವು ಹುಡುಕಿಕೊಂಡು ಹೋದ ಚಿತ್ರವನ್ನು ನಮಗಿಂತ ಮೊದಲೇ ಯಾರೋ ಕೊಂಡೊಯ್ದಿರುವುದು, ನೋಡಿದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತಿ ಕೊಡಿರೆಂದು ಕೇಳಿಕೊಳ್ಳುವ ಚೀಟಿ, ಇವೆಲ್ಲ ಆ ಕಾಲವನ್ನು ಕಂಡವರ ಮನಸ್ಸಿನಲ್ಲಿ ಇನ್ನೂ ಹಸಿರಾಗಿವೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೃತಿಸ್ವಾಮ್ಯದ ಕಾನೂನನ್ನು ಪಾಠ ಹೇಳುವವನಾದ ನನಗೆ ಇಂಥ ನೆನಪಿನ ಮಾತುಗಳನ್ನು ಕೇಳುವಾಗ ಸ್ವಲ್ಪ ಅಸಹನೆಯೂ ಆಗುತ್ತದೆ, ಏಕೆಂದರೆ ಎಲ್ಲರೂ ಡಬ್ಬಿಯ ಬಣ್ಣವನ್ನು ಬಣ್ಣಿಸುತ್ತಾರೆಯೇ ಹೊರತು ಆ ಅಂಗಡಿಗಳನ್ನು ಬದುಕಿಸಿದ್ದ ಮುಖ್ಯ ಸಂಗತಿಯನ್ನು ಹೇಳುವುದೇ ಇಲ್ಲ. ಆ ಸಂಗತಿ ಇಷ್ಟೇ: ಅಂಗಡಿಯವನು ತನ್ನ ಕಪಾಟಿನಲ್ಲಿದ್ದ ಒಂದೊಂದು ಕ್ಯಾಸೆಟ್ಟಿಗೂ ತಾನೇ ಒಡೆಯನಾಗಿದ್ದ. ಇಂದು ಈ ಒಂದು ಮಾತನ್ನು ನೀವು ನೆನಪಿನಲ್ಲಿ ಇಟ್ಟುಕೊಂಡರೆ ಸಾಕು, ಉಳಿದದ್ದನ್ನು ಮರೆತರೂ ನನಗೆ ಬೇಸರವಿಲ್ಲ.

ಈ ವ್ಯಾಪಾರ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ಎಂಬ ಯಂತ್ರವನ್ನೂ ಜೆವಿಸಿ ಕಂಪನಿ 1976ರಲ್ಲಿ ವಿಎಚ್‌ಎಸ್ ಎಂಬ ಯಂತ್ರವನ್ನೂ ಮಾರುಕಟ್ಟೆಗೆ ತಂದವು. ಮೊದಲ ಬೀಟಾಮ್ಯಾಕ್ಸ್ ಟೇಪಿನಲ್ಲಿ ಹಿಡಿಯುತ್ತಿದ್ದುದು ಒಂದೇ ಗಂಟೆಯ ದೃಶ್ಯ, ವಿಎಚ್‌ಎಸ್ ಟೇಪಿನಲ್ಲಿ ಎರಡು ಗಂಟೆಯದು, ಅಂದರೆ ಒಂದು ಇಡೀ ಸಿನಿಮಾ. ಆದರೂ ಈ ಯಂತ್ರಗಳನ್ನು ಮಾಡಿದವರ ತಲೆಯಲ್ಲಿ ಇದ್ದದ್ದು ಟಿ.ವಿ. ಕಾರ್ಯಕ್ರಮಗಳನ್ನು ಮುದ್ರಿಸಿಟ್ಟುಕೊಂಡು ಬಿಡುವಾದಾಗ ನೋಡುವ ಯೋಚನೆಯೇ ಹೊರತು ಸಿನಿಮಾ ಬಾಡಿಗೆಯಲ್ಲ. 1977ರಲ್ಲಿ ಮಿಷಿಗನ್ ರಾಜ್ಯದ ಆಂಡ್ರೆ ಬ್ಲೇ ಎಂಬ ಉದ್ಯಮಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ 50 ಚಿತ್ರಗಳನ್ನು ಕ್ಯಾಸೆಟ್ಟಿನಲ್ಲಿ ಮಾರುವ ಹಕ್ಕನ್ನು ಪಡೆದುಕೊಂಡರು. ಮಾರುವುದಕ್ಕೆ ಮಾತ್ರ. ಅದೇ ವರ್ಷದ ಕೊನೆಯಲ್ಲಿ ಲಾಸ್ ಏಂಜಲೀಸ್ ನಗರದ ವಿಲ್ಶೈರ್ ಬೂಲೆವಾರ್ಡ್ ರಸ್ತೆಯ ಒಂದು ಪುಟ್ಟ ಮಳಿಗೆಯಲ್ಲಿ ಜಾರ್ಜ್ ಅಟ್ಕಿನ್ಸನ್ ಎಂಬವರು ಆ 50 ಚಿತ್ರಗಳ ಕ್ಯಾಸೆಟ್ಟುಗಳನ್ನು ಕೊಂಡು ತಂದು, ವಿಡಿಯೊ ಬಾಡಿಗೆಗೆ ಸಿಗುತ್ತದೆಯೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟುಬಿಟ್ಟರು. ವರ್ಷದ ಸದಸ್ಯತ್ವಕ್ಕೆ 50 ಡಾಲರ್, ಆಜೀವ ಸದಸ್ಯತ್ವಕ್ಕೆ 100 ಡಾಲರ್, ಅದರ ಮೇಲೆ ದಿನಕ್ಕೆ 10 ಡಾಲರ್ ಬಾಡಿಗೆ. ಆ ಕಾಲಕ್ಕೆ ಇದು ಸಣ್ಣ ಮೊತ್ತವಲ್ಲ, ಆದರೂ ಜನ ಬಂದರು.

ಅಟ್ಕಿನ್ಸನ್ ಅವರು ಯಾರ ಅಪ್ಪಣೆಯನ್ನೂ ಪಡೆದಿರಲಿಲ್ಲ. ಚಿತ್ರ ಸಂಸ್ಥೆಗಳು ಸಿಡಿಮಿಡಿಗೊಂಡವು, ಮೊಕದ್ದಮೆಯ ಬೆದರಿಕೆಯೂ ಬಂತು, ಆದರೆ ಅವರನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ. ಅದಕ್ಕೆ ಕಾರಣ 1908ರಷ್ಟು ಹಳೆಯದು. ಆ ವರ್ಷ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಒಂದು ಕಾದಂಬರಿಯ ವ್ಯಾಜ್ಯ ಬಂದಿತ್ತು. ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಈ ಪುಸ್ತಕವನ್ನು ಮಾರಕೂಡದೆಂದು ಪ್ರಕಾಶಕರು ಪುಸ್ತಕದೊಳಗೇ ಅಚ್ಚು ಹಾಕಿಸಿದ್ದರು, ನ್ಯೂಯಾರ್ಕಿನ ಮೇಸೀಸ್ ಮಳಿಗೆಯವರು ಅದನ್ನು 89 ಸೆಂಟಿಗೆ ಮಾರಿದರು. ಒಮ್ಮೆ ಪ್ರತಿಯನ್ನು ಮಾರಿದ ಮೇಲೆ ಆ ಪ್ರತಿಯ ಮೇಲಿನ ನಿಮ್ಮ ಹಿಡಿತ ಮುಗಿಯಿತು ಎಂಬುದು ನ್ಯಾಯಾಲಯ ಪ್ರಕಾಶಕರಿಗೆ ಕೊಟ್ಟ ಉತ್ತರದ ಸಾರ. ಕಥೆಯ ಹಕ್ಕು ನಿಮ್ಮದೇ ಇರಬಹುದು, ಅದನ್ನು ಮರುಮುದ್ರಿಸುವ ಹಕ್ಕೂ ನಿಮ್ಮದೇ, ಆದರೆ ಹಣ ಕೊಟ್ಟು ಕೊಂಡವನ ಕೈಯಲ್ಲಿರುವ ಆ ಒಂದು ಪುಸ್ತಕ ಅವನ ಸ್ವತ್ತು. ಅವನು ಅದನ್ನು ಮಾರಬಹುದು, ಕೊಡಬಹುದು, ಬಾಡಿಗೆಗೂ ಬಿಡಬಹುದು. ಪುಸ್ತಕಕ್ಕೆ ಅನ್ವಯಿಸಿದ ಈ ನ್ಯಾಯ ಕ್ಯಾಸೆಟ್ಟಿಗೂ ಅನ್ವಯಿಸಿತು. ಅಂಗಡಿಯವನು ಒಡೆಯನಾಗಿದ್ದ ಎಂದು ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದಕ್ಕಾಗಿಯೇ.

ಆ ಒಡೆತನ ಎಷ್ಟು ಸುಲಭವಾಗಿ ಕೈತಪ್ಪಬಹುದಿತ್ತು ಎಂಬುದಕ್ಕೆ ಹಾಡಿನ ತಟ್ಟೆಗಳ ಗತಿಯನ್ನೇ ನೋಡಿ. ಧ್ವನಿಮುದ್ರಿಕೆಗಳನ್ನು ಲಾಭಕ್ಕಾಗಿ ಬಾಡಿಗೆಗೆ ಕೊಡುವುದನ್ನು ಅಮೆರಿಕದ ಸಂಸತ್ತು 1984ರಲ್ಲಿ ನಿಷೇಧಿಸಿತು, ಹಾಗಾಗಿ ಅಲ್ಲಿ ಹಾಡಿನ ಬಾಡಿಗೆ ಅಂಗಡಿಗಳು ಬೇರೂರಲೇ ಇಲ್ಲ. ಚಿತ್ರ ಸಂಸ್ಥೆಗಳೂ ಅಂಥದೇ ಕಾನೂನಿಗಾಗಿ ಸಾಕಷ್ಟು ಓಡಾಡಿದವು, ಆದರೆ ಅದು ಕೈಗೂಡಲಿಲ್ಲ. ಕೊನೆಗೆ ಅವು ಬೇರೆ ದಾರಿ ಹಿಡಿದು, ಬಾಡಿಗೆಗೆ ಹೋಗುವಂಥ ಹೊಸ ಚಿತ್ರಗಳ ಕ್ಯಾಸೆಟ್ಟಿಗೆ ಮನೆಯವರು ಕೊಳ್ಳಲಾಗದಷ್ಟು ಬೆಲೆ ಇಟ್ಟವು. ಒಂದೊಂದಕ್ಕೂ 70ರಿಂದ 100 ಡಾಲರುಗಳವರೆಗೆ ಕೊಟ್ಟು ಅಂಗಡಿಯವರೇ ಕೊಂಡರು. ಬೇಕಾದ ಚಿತ್ರ ಯಾವಾಗಲೂ ಹೊರಗೆ ಹೋಗಿರುತ್ತಿತ್ತೆಂದು ನೀವು ಅಂಗಡಿಯವನನ್ನು ಬೈದುಕೊಂಡಿರಬಹುದು, ಆದರೆ ಆ ಬೆಲೆಯಲ್ಲಿ ಹತ್ತು ಪ್ರತಿ ತಂದಿಡುವ ಶಕ್ತಿ ಅವನಿಗೆ ಎಲ್ಲಿತ್ತು?

ಈಗ ಅವನತಿಯ ಮಾತಿಗೆ ಬರುತ್ತೇನೆ. ನೆಟ್‌ಫ್ಲಿಕ್ಸ್ ಬಂತು, ಅಂಗಡಿಗಳು ಮುಚ್ಚಿದವು ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅಷ್ಟು ಅವಸರ ಬೇಡ. 1997ರಲ್ಲಿ ರೀಡ್ ಹೇಸ್ಟಿಂಗ್ಸ್ ಮತ್ತು ಮಾರ್ಕ್ ರ್‍ಯಾಂಡಾಲ್ಫ್ ಸ್ಥಾಪಿಸಿ, 1998ರಲ್ಲಿ ವ್ಯಾಪಾರ ಆರಂಭಿಸಿದ ಆ ಕಂಪನಿ ಹಲವು ವರ್ಷ ಮಾಡುತ್ತಿದ್ದುದು ಡಿವಿಡಿಗಳನ್ನು ಕೊಂಡುಕೊಂಡು ಅಂಚೆಯ ಮೂಲಕ ಬಾಡಿಗೆಗೆ ಕಳುಹಿಸುವ ಕೆಲಸವನ್ನು. ಅದೂ ತನ್ನ ತಟ್ಟೆಗಳಿಗೆ ತಾನೇ ಒಡೆಯನಾಗಿತ್ತು, 1908ರ ಅದೇ ನ್ಯಾಯದ ನೆರಳಿನಲ್ಲಿಯೇ ಬೆಳೆಯಿತು, ಯಾವ ಸಂಸ್ಥೆಯ ಚಿತ್ರವಾದರೂ ಪೇಟೆಯಲ್ಲಿ ಕೊಂಡು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತಿತ್ತು. ನಿಜವಾದ ಬದಲಾವಣೆ ಬಂದದ್ದು 2007ರಲ್ಲಿ, ಅದು ಅಂತರ್ಜಾಲದ ಮೂಲಕ ಚಿತ್ರಗಳನ್ನು ನೇರವಾಗಿ ತೋರಿಸತೊಡಗಿದಾಗ. ಹಾಗೆ ತೋರಿಸುವುದಕ್ಕೆ ಕೊಂಡ ಪ್ರತಿ ಕೆಲಸಕ್ಕೆ ಬಾರದು, ಹಕ್ಕುದಾರರ ಅನುಮತಿ ಬೇಕು, ಆ ಅನುಮತಿಗೆ ಅವಧಿಯಿರುತ್ತದೆ, ಅವಧಿ ಮುಗಿದ ದಿನ ಚಿತ್ರ ಮಾಯವಾಗುತ್ತದೆ. ಸ್ವಂತ ಬಾವಿಯ ನೀರಿಗೂ ಪಕ್ಕದ ಮನೆಯವರು ತಿರುಗಿಸಿ ಬಿಡುವ ನಲ್ಲಿಯ ನೀರಿಗೂ ಇರುವ ವ್ಯತ್ಯಾಸ ಇದು. ನಿನ್ನೆ ಇದ್ದ ಚಿತ್ರ ಇವತ್ತು ಏಕೆ ಇಲ್ಲವೆಂದು ಕೇಳುವವರಿಗೆಲ್ಲ ನನ್ನ ಉತ್ತರ ಒಂದೇ: ಅದನ್ನು ನಿಮಗೆ ತೋರಿಸುತ್ತಿದ್ದವರು ಅದರ ಒಡೆಯರಾಗಿರಲಿಲ್ಲ.

ಒಡೆತನವೆಂದರೆ ಏನೆಂಬುದಕ್ಕೆ ನನಗೆ ತುಂಬ ಇಷ್ಟವಾದ ಒಂದು ಕಥೆಯಿದೆ, ಸ್ವಲ್ಪ ಉದ್ದವಾದರೂ ಹೇಳಲೇಬೇಕು. ಕೊರಿಯಾದಿಂದ ನ್ಯೂಯಾರ್ಕಿಗೆ ಬಂದು ನೆಲೆಸಿದ ಯಾಂಗ್‌ಮನ್ ಕಿಮ್ ಎಂಬವರು 1980ರ ದಶಕದಲ್ಲಿ ಬಟ್ಟೆ ಡ್ರೈಕ್ಲೀನ್ ಮಾಡುವ ತಮ್ಮ ಅಂಗಡಿಯ ಮೂಲೆಯಲ್ಲಿ ಒಂದಷ್ಟು ಕ್ಯಾಸೆಟ್ಟುಗಳನ್ನಿಟ್ಟು ಬಾಡಿಗೆಗೆ ಕೊಡತೊಡಗಿದರು. ಕೋಟು ಒಗೆಸಲು ಬಂದವರು ಕ್ಯಾಸೆಟ್ ಹಿಡಿದುಕೊಂಡು ಹೋಗುತ್ತಿದ್ದರು. ನೋಡುತ್ತ ನೋಡುತ್ತ ಬಟ್ಟೆಯ ವ್ಯಾಪಾರ ಹಿಂದಾಗಿ ಕ್ಯಾಸೆಟ್ಟಿನ ವ್ಯಾಪಾರ ಮುಂದಾಯಿತು, ಒಂದು ಅಂಗಡಿ ಹಲವಾಯಿತು. ಬೇರೆಲ್ಲೂ ಸಿಗದ ಚಿತ್ರಗಳನ್ನು, ದೇಶದೇಶಗಳ ಚಿತ್ರಗಳನ್ನು, ಚಿತ್ರಮಂದಿರವನ್ನೇ ಕಾಣದ ಚಿತ್ರಗಳನ್ನು ಹುಡುಕಿ ಹುಡುಕಿ ಸೇರಿಸಿದ ಕಿಮ್ ಅವರ ಸಂಗ್ರಹ ಸುಮಾರು 55,000ಕ್ಕೆ ಏರಿತು. ಸಿನಿಮಾ ಕಲಿಯುವ ವಿದ್ಯಾರ್ಥಿಗಳಿಗೆ ಅದೇ ಪಾಠಶಾಲೆ.

2008ರ ಹೊತ್ತಿಗೆ ಬಾಡಿಗೆಯ ಆದಾಯದಿಂದ ಅಂಗಡಿ ನಡೆಸುವುದು ಕಷ್ಟವಾದಾಗ ಕಿಮ್ ಅವರು ಸಂಗ್ರಹವನ್ನು ಬಿಡಿ ಬಿಡಿಯಾಗಿ ಮಾರಿ ಕೈತೊಳೆದುಕೊಳ್ಳಲಿಲ್ಲ. ಸಂಗ್ರಹವನ್ನು ಒಡೆಯದೆ ಇಡಿಯಾಗಿ ಕಾಪಾಡಿ, ತಮ್ಮ ಅಂಗಡಿಯ ಸದಸ್ಯರಿಗೆ ನೋಡಲು ಅವಕಾಶ ಕೊಡುವವರಿಗೆ ಎಲ್ಲವನ್ನೂ ಒಪ್ಪಿಸುತ್ತೇನೆಂದು ಸಾರಿದರು. ಕೊನೆಗೆ ಅದು ಹೋದದ್ದು ಎಲ್ಲಿಗೆಂದು ಊಹಿಸಿ! ಇಟಲಿಯ ಸಿಸಿಲಿ ದ್ವೀಪದ ಸಲೇಮಿ ಎಂಬ ಬೆಟ್ಟದೂರಿಗೆ. 1968ರ ಭೂಕಂಪದಲ್ಲಿ ಬಹುಪಾಲು ಹಾಳಾಗಿ, ಜನ ಬಿಟ್ಟುಹೋದ ಮನೆಗಳನ್ನು ಒಂದೊಂದು ಯೂರೊಗೆ ಕೊಡುತ್ತೇವೆಂದು ಘೋಷಿಸಿ ಹೆಸರಾದ ಊರು ಅದು. ಕಲಾವಿಮರ್ಶಕರೂ ಆಗಿದ್ದ ಅಲ್ಲಿನ ಮೇಯರ್ ವಿತ್ತೋರಿಯೊ ಸ್ಗಾರ್ಬಿ ಅವರ ಕಾಲದಲ್ಲಿ ಊರಿಗೆ ಮತ್ತೆ ಕಳೆ ತುಂಬುವ ಉತ್ಸಾಹವಿತ್ತು. ಚಿತ್ರಗಳನ್ನೆಲ್ಲ ಡಿಜಿಟಲ್ ರೂಪಕ್ಕೆ ತರುತ್ತೇವೆ, ನಿರಂತರ ಚಿತ್ರೋತ್ಸವ ನಡೆಸುತ್ತೇವೆ, ನ್ಯೂಯಾರ್ಕಿನ ಸದಸ್ಯರು ಬಂದರೆ ಉಳಿದುಕೊಳ್ಳುವ ವ್ಯವಸ್ಥೆಯನ್ನೂ ಮಾಡುತ್ತೇವೆ ಎಂಬ ಭರವಸೆಗಳು ಹೊರಟವು. 2009ರಲ್ಲಿ ಸಂಗ್ರಹ ಸಮುದ್ರ ದಾಟಿತು.

ಭರವಸೆಗಳು ಭರವಸೆಗಳಾಗಿಯೇ ಉಳಿದವು. 2012ರಲ್ಲಿ ಮೇಯರ್ ರಾಜೀನಾಮೆ ಕೊಟ್ಟರು, ಮಾಫಿಯಾ ನುಸುಳಿದೆಯೆಂಬ ಕಾರಣಕ್ಕೆ ಸರ್ಕಾರ ಊರಿನ ಆಡಳಿತ ಮಂಡಳಿಯನ್ನೇ ವಿಸರ್ಜಿಸಿತು. ಹುಡುಕಿಕೊಂಡು ಹೋದವರಿಗೆ ಕಾಣಿಸಿದ್ದು ಚಿತ್ರೋತ್ಸವವಲ್ಲ, ಯಾರೂ ಮುಟ್ಟದೆ ಧೂಳು ಹಿಡಿದಿದ್ದ ಕ್ಯಾಸೆಟ್ಟುಗಳು. ಡೇವಿಡ್ ರೆಡ್ಮನ್ ಮತ್ತು ಆಶ್ಲಿ ಸಬಿನ್ ಎಂಬ ಸಾಕ್ಷ್ಯಚಿತ್ರ ನಿರ್ಮಾಪಕರು ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು, ಸಿನಿಮಾ ಚಿತ್ರೀಕರಣದ ನೆಪದಲ್ಲಿ ಕ್ಯಾಸೆಟ್ಟುಗಳನ್ನು ಹೊರಗೆ ಸಾಗಿಸುವುದನ್ನು ತಮ್ಮ ಸಾಕ್ಷ್ಯಚಿತ್ರದಲ್ಲಿ ತಾವೇ ತೋರಿಸಿದ್ದಾರೆ. ಕಾನೂನಿನ ಮೇಷ್ಟರಾಗಿ ನಾನು ಅದನ್ನು ಒಪ್ಪಬಾರದು, ಸಿನಿಮಾ ಪ್ರೇಮಿಯಾಗಿ ಒಪ್ಪದೆ ಇರಲಾರೆ. ಅಂತೂ ಆ ಸಂಗ್ರಹ ನ್ಯೂಯಾರ್ಕಿಗೆ ಮರಳಿ, 2022ರಲ್ಲಿ ಮ್ಯಾನ್‌ಹಟನ್‌ನ ಒಂದು ಚಿತ್ರಮಂದಿರದ ಆವರಣದಲ್ಲಿ ಮತ್ತೆ ಬಾಡಿಗೆಗೆ ಸಿಗತೊಡಗಿತು.

ಈ ಕಥೆಯನ್ನು ನಗುವುದಕ್ಕಾಗಿ ಹೇಳಿದ್ದಲ್ಲ. ಕಿಮ್ ಅವರು ಆ ಕ್ಯಾಸೆಟ್ಟುಗಳ ಒಡೆಯರಾಗಿದ್ದರಿಂದಲೇ ಅವುಗಳನ್ನು ಕೊಡುವುದಕ್ಕೆ ಅವರಿಗೆ ಸಾಧ್ಯವಾಯಿತು. ಅವು ಮೂಲೆ ಸೇರಿದವು, ಆದರೂ ಇದ್ದವು, ಇದ್ದದ್ದರಿಂದಲೇ ವಾಪಸು ಬಂದವು. ಪರದೆಯ ಮೇಲೆ ಬಂದು ಹೋಗುವ ಪಟ್ಟಿಯನ್ನು ಯಾರೂ ಹೀಗೆ ಹಡಗಿಗೆ ಹಾಕಿ ಕಳುಹಿಸಲಾರರು, ಯಾರೂ ಕದ್ದು ತರಲೂ ಆರರು.

ನಿಲಯದ ಗೆಳೆಯರು ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಹಾಗಾಗಿ ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಬ್ಲಾಕ್‌ಬಸ್ಟರ್ ಎಂಬ ದೊಡ್ಡ ಸರಣಿಯ ಬಗ್ಗೆ ನೀವು ಕೇಳಿರಬಹುದು. 1985ರಲ್ಲಿ ಡಲ್ಲಾಸ್ ನಗರದಲ್ಲಿ ಹುಟ್ಟಿ, 1994ರಲ್ಲಿ ವಯಾಕಾಮ್ ಸಂಸ್ಥೆಗೆ 840 ಕೋಟಿ ಡಾಲರಿಗೆ ಮಾರಾಟವಾಗಿ, 2004ರಲ್ಲಿ 9,000ಕ್ಕೂ ಹೆಚ್ಚು ಮಳಿಗೆಗಳನ್ನು ಹೊಂದಿದ್ದ ಈ ಕಂಪನಿ 2010ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. 2000ನೇ ಇಸವಿಯಲ್ಲಿ 5 ಕೋಟಿ ಡಾಲರಿಗೆ ನೆಟ್‌ಫ್ಲಿಕ್ಸನ್ನು ಕೊಳ್ಳುವ ಅವಕಾಶ ಅದರ ಬಾಗಿಲಿಗೇ ಬಂದಿತ್ತು, ಬೇಡವೆಂದಿತು. ಅದೇ ವರ್ಷ ತಡವಾಗಿ ಹಿಂದಿರುಗಿಸಿದವರ ದಂಡದಿಂದಲೇ ಅದಕ್ಕೆ ಸುಮಾರು 80 ಕೋಟಿ ಡಾಲರ್ ಬಂದಿತ್ತು. ಗಿರಾಕಿಯ ಮರೆವಿನ ಮೇಲೆ ನಿಂತ ವ್ಯಾಪಾರಕ್ಕೆ ನಾನು ಕಣ್ಣೀರು ಹಾಕಲಾರೆ. ನಾನು ಮರುಗುವುದು ಸಣ್ಣ ಅಂಗಡಿಗಳಿಗೆ. ಡಿವಿಡಿಯೂ ಅವಕ್ಕೆ ಪೆಟ್ಟು ಕೊಟ್ಟಿತು, ಏಕೆಂದರೆ ಅದರ ಬೆಲೆ ಮೊದಲಿನಿಂದಲೂ ಮನೆಯವರ ಕೈಗೆಟುಕುವಂತಿತ್ತು.

ಇನ್ನೊಂದು ವಿಷಯವನ್ನು ವಿಸ್ತರಿಸಬೇಕೆಂದಿದ್ದೆ, ಸಮಯವಿಲ್ಲ. 1987ರಲ್ಲಿ ರಾಬರ್ಟ್ ಬೋರ್ಕ್ ಎಂಬ ನ್ಯಾಯಾಧೀಶರ ಹೆಸರು ಅಮೆರಿಕದ ಸುಪ್ರೀಂ ಕೋರ್ಟಿಗೆ ಸೂಚಿತವಾದಾಗ ಒಬ್ಬ ಪತ್ರಕರ್ತರು ಅವರ ಮನೆಯವರು ಬಾಡಿಗೆಗೆ ತಂದಿದ್ದ 146 ಚಿತ್ರಗಳ ಪಟ್ಟಿಯನ್ನು ಅಂಗಡಿಯಿಂದ ಪಡೆದುಕೊಂಡರು, ಅದರ ಮೇಲೆ ಲೇಖನವೇ ಅಚ್ಚಾಯಿತು. ರಾಜಕಾರಣಿಗಳಿಗೆ ತಮ್ಮ ತಮ್ಮ ಪಟ್ಟಿಗಳು ನೆನಪಾಗಿರಬೇಕು, ಮರುವರ್ಷವೇ ಬಾಡಿಗೆಯ ದಾಖಲೆಗಳನ್ನು ಗುಟ್ಟಾಗಿಡುವ ಕಾನೂನು ಬಂದಿತು.

ಅಂಗಡಿಗಳು ಪೂರ್ತಿ ಅಳಿದಿಲ್ಲ. ಸಿಯಾಟಲ್ ನಗರದ ಸ್ಕೇರ್‌ಕ್ರೋ ವಿಡಿಯೊ 2014ರಲ್ಲಿ ಲಾಭರಹಿತ ಸಂಸ್ಥೆಯಾಗಿ ಮಾರ್ಪಟ್ಟು ಲಕ್ಷಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಕಾಪಾಡಿಕೊಂಡು ಬಂದಿದೆ. 2017ರಲ್ಲಿ ಬಾಗಿಲು ಮುಚ್ಚಿದ್ದ ಲಾಸ್ ಏಂಜಲೀಸಿನ ವಿಡಿಯಟ್ಸ್ 2023ರಲ್ಲಿ ಒಂದು ಹಳೆಯ ಚಿತ್ರಮಂದಿರದಲ್ಲಿ ಮತ್ತೆ ತೆರೆಯಿತು. ಇವು ಉಳಿದದ್ದು ಜನರ ಪ್ರೀತಿಯಿಂದ ಎನ್ನುತ್ತಾರೆ, ಇರಬಹುದು, ಆದರೆ ಪ್ರೀತಿಸುವುದಕ್ಕೆ ಅಲ್ಲಿ ಕ್ಯಾಸೆಟ್ಟುಗಳಿದ್ದವು ಮತ್ತು ಆ ಕ್ಯಾಸೆಟ್ಟುಗಳು ಅಂಗಡಿಯ ಸ್ವತ್ತಾಗಿದ್ದವು.

ಕೊನೆಯದಾಗಿ, ಮನೆಯಲ್ಲಿ ಇನ್ನೂ ಕ್ಯಾಸೆಟ್ಟುಗಳನ್ನು ಇಟ್ಟುಕೊಂಡವರಿಗೆ ಒಂದು ಮಾತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ತಯಾರಿಕೆ ನಿಲ್ಲಿಸಿದೆ. ಕೆಟ್ಟ ಯಂತ್ರಕ್ಕೆ ಬಿಡಿಭಾಗ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತದೆ, ಟೇಪಿನ ಕಾಂತೀಯ ಲೇಪವೂ ಕಾಲಕ್ರಮೇಣ ಶಿಥಿಲವಾಗುತ್ತದೆ. ಕ್ಯಾಸೆಟ್ಟುಗಳನ್ನು ಪೂರ್ತಿ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಬಿಸಿಲು ಮತ್ತು ತೇವ ತಾಗದ ಕಡೆ ಇಡಿ. ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡರೆ ಯಂತ್ರದೊಳಗೆ ಹಾಕಲೇಬೇಡಿ, ಬೂಷ್ಟು ಯಂತ್ರಕ್ಕೂ ಅಂಟಿ, ಅಲ್ಲಿಂದ ಬೇರೆ ಕ್ಯಾಸೆಟ್ಟುಗಳಿಗೂ ಹಬ್ಬುತ್ತದೆ. ನೀವೇ ಚಿತ್ರೀಕರಿಸಿಟ್ಟ ಟೇಪುಗಳಿದ್ದರೆ ಅವುಗಳನ್ನು ಮೊದಲು ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳಿ, ಏಕೆಂದರೆ ಅವುಗಳ ಎರಡನೆಯ ಪ್ರತಿ ಯಾವ ಅಂಗಡಿಯಲ್ಲೂ ಇರುವುದಿಲ್ಲ. ಎಲ್ಲರಿಗೂ ನಮಸ್ಕಾರ.