ಕಣ್ಣು ತೆರೆದ ಮೇಲೂ ನೋಡಲು ಕಲಿಯಬೇಕು

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮಾಡೋಣ. ಎರಡೂ ಕೈ ಮುಂದಕ್ಕೆ ಚಾಚಿ. ಹೆಬ್ಬೆರಳುಗಳನ್ನು ಮೇಲಕ್ಕೆ ಮಾಡಿ, ಒಂದಕ್ಕೊಂದು ತಾಗುವ ಹಾಗೆ ಹಿಡಿಯಿರಿ. ಈಗ ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡಗೈ ಹೆಬ್ಬೆರಳನ್ನೇ ನೋಡುತ್ತಿರಿ, ಏನೇ ಆದರೂ ದೃಷ್ಟಿ ಅಲ್ಲಿಂದ ಕದಲಬಾರದು. ಬಲಗೈಯನ್ನು ಮಾತ್ರ ಮೆಲ್ಲಗೆ ಬಲಕ್ಕೆ ಸರಿಸುತ್ತಾ ಹೋಗಿ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರ ಹೋಗುವಷ್ಟರಲ್ಲಿ ಬಲ ಹೆಬ್ಬೆರಳಿನ ತುದಿ ಮಾಯವಾಗುತ್ತದೆ. ಆಯ್ತಾ? ಆಗದವರು ಇನ್ನೊಮ್ಮೆ ಮಾಡಿ. ಬೆರಳು ಸರಿದ ಕಡೆಗೇ ಕಣ್ಣೂ ಹೋಗಿಬಿಟ್ಟರೆ ಇದು ಆಗುವುದಿಲ್ಲ.

ಇದು ಕುರುಡು ಚುಕ್ಕೆ. ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ಪದರ ಇದೆ. ಅಲ್ಲಿಂದ ನರದ ಎಳೆಗಳೆಲ್ಲ ಒಟ್ಟಾಗಿ ಮಿದುಳಿನ ಕಡೆಗೆ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಎಡ್ಮೆ ಮಾರಿಯಟ್ ಇದನ್ನು 1660ರ ದಶಕದಲ್ಲೇ ಕಂಡುಕೊಂಡಿದ್ದರು. ನಾನು ಕೇಳಬೇಕು ಅಂದುಕೊಂಡಿರುವ ಪ್ರಶ್ನೆ ಬೇರೆ. ಬೆರಳು ಹೋದ ಜಾಗದಲ್ಲಿ ನಿಮಗೆ ಏನು ಕಂಡಿತು? ಕಪ್ಪು ತೂತು ಕಾಣಲಿಲ್ಲ, ಅಲ್ವಾ? ಹಿಂದಿನ ಗೋಡೆ ಕಂಡಿತು. ಆ ತುಂಡು ಗೋಡೆಯನ್ನು ನಿಮ್ಮ ಬಲಗಣ್ಣು ನೋಡಿಯೇ ಇಲ್ಲ. ಸುತ್ತ ಗೋಡೆ ಇದೆ, ಇಲ್ಲೂ ಗೋಡೆಯೇ ಇರಬೇಕು ಎಂದು ಮಿದುಳು ತಾನೇ ತೇಪೆ ಹಾಕಿತು. ಅದೂ ಹೊಲಿಗೆ ಕಾಣದ ಹಾಗೆ.

ಶಾಲೆಯಲ್ಲಿ ನಾವು ಓದಿದ್ದು ಕಣ್ಣು ನೋಡುತ್ತದೆ, ಕಿವಿ ಕೇಳುತ್ತದೆ, ನಾಲಿಗೆ ರುಚಿ ನೋಡುತ್ತದೆ ಎಂದು. ಬಹಳ ವರ್ಷಗಳಿಂದ ಶರೀರದ ಪಾಠ ಮಾಡುತ್ತಿರುವ ನನಗೆ ಆ ಮಾತು ಅರ್ಧದಲ್ಲೇ ನಿಂತಿದೆ ಅನಿಸುತ್ತದೆ. ತಲೆಬುರುಡೆಯ ಒಳಗೆ ಪೂರ್ತಿ ಕತ್ತಲು. ಅಲ್ಲಿಗೆ ಬೆಳಕೂ ಬರುವುದಿಲ್ಲ, ಮಲ್ಲಿಗೆಯ ಪರಿಮಳವೂ ಬರುವುದಿಲ್ಲ. ಬರುವುದು ನರಗಳಲ್ಲಿ ಹರಿದು ಬರುವ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳು ಮಾತ್ರ, ಮತ್ತು ಕಣ್ಣಿನಿಂದ ಬಂದದ್ದಕ್ಕೂ ಕಿವಿಯಿಂದ ಬಂದದ್ದಕ್ಕೂ ಚರ್ಮದಿಂದ ಬಂದದ್ದಕ್ಕೂ ಆ ಮಿಡಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಯಾವ ದಾರಿಯಲ್ಲಿ ಬಂತು ಎಂಬುದನ್ನು ನೋಡಿಯೇ ಮಿದುಳು ಇದು ಬೆಳಕು, ಇದು ಸದ್ದು ಎಂದು ತೀರ್ಮಾನಿಸುತ್ತದೆ. ರೆಪ್ಪೆ ಮುಚ್ಚಿಕೊಂಡು ಕಣ್ಣಿನ ಮೂಲೆಯನ್ನು ತುಂಬ ಮೆಲ್ಲಗೆ ಒತ್ತಿ ನೋಡಿ, ಬೆಳಕಿನ ಉಂಗುರ ಕಾಣುತ್ತದೆ. ಅಲ್ಲಿ ಬೆಳಕೇ ಇಲ್ಲ, ಒತ್ತಡ ಮಾತ್ರ. ಕಣ್ಣಿನ ದಾರಿಯಲ್ಲಿ ಬಂತಲ್ಲ, ಅದಕ್ಕೆ ಬೆಳಕಾಯಿತು.

ಮೆಣಸಿನಕಾಯಿಯದೂ ಇದೇ ಕಥೆ. ಖಾರವನ್ನು ನಾವು ರುಚಿ ಅಂದುಕೊಂಡಿದ್ದೇವೆ. ಆದರೆ ಬಾಯಿಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಸಣ್ಣ ಬಾಗಿಲಿದೆ, ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆಯುತ್ತದೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಅದೇ ಬಾಗಿಲನ್ನು ತೆಗೆಯುತ್ತದೆ. ಬಾಯಿ ಸುಡುತ್ತಿಲ್ಲ, ಆದರೂ ಮಿದುಳಿಗೆ ಹೋಗುವ ಸುದ್ದಿ ಸುಡುತ್ತಿದೆ ಎಂದೇ. ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು 1997ರಲ್ಲಿ ಪತ್ತೆ ಮಾಡಿತು, 2021ರಲ್ಲಿ ಅವರಿಗೆ ಆರ್ಡೆಮ್ ಪಟಪೂಟಿಯನ್ ಜೊತೆ ನೊಬೆಲ್ ಬಂತು. ಪಲ್ಯ ಖಾರವಾದಾಗ ನಮ್ಮ ಅಜ್ಜಿಯರು 'ಬಾಯಿ ಉರೀತಿದೆ' ಎನ್ನುತ್ತಿದ್ದರು, ಒಲೆ ಉರಿಯುವುದಕ್ಕೂ ಅದೇ ಪದ. ಆ ಮಾತು ಎಷ್ಟು ಸರಿಯಾಗಿತ್ತು ನೋಡಿ.

ಕಿವಿಯೂ ಒಂಟಿಯಾಗಿ ಕೇಳುವುದಿಲ್ಲ. ಮ್ಯಾಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಇಬ್ಬರು 1976ರಲ್ಲಿ ಒಂದು ವಿಡಿಯೊ ತೋರಿಸಿದರು. ಧ್ವನಿ 'ಬ ಬ' ಎನ್ನುತ್ತಿರುತ್ತದೆ, ತುಟಿ 'ಗ ಗ' ಎನ್ನುತ್ತಿರುತ್ತದೆ. ನೋಡಿದ ಬಹಳಷ್ಟು ಜನಕ್ಕೆ ಕೇಳಿಸಿದ್ದು 'ದ ದ'. ಕಣ್ಣು ಮುಚ್ಚಿದರೆ ಮತ್ತೆ 'ಬ ಬ'. ಒಳಗಿನ ಗುಟ್ಟು ಗೊತ್ತಿದ್ದರೂ ನನಗೆ ಇವತ್ತಿಗೂ ಹಾಗೇ ಕೇಳಿಸುತ್ತದೆ. ಕೊರೊನಾ ಸಮಯದಲ್ಲಿ ಮಾಸ್ಕ್ ಹಾಕಿದವರ ಮಾತು ಅರ್ಥವಾಗದೆ 'ಏನಂದ್ರಿ?' ಎಂದು ಮತ್ತೆ ಮತ್ತೆ ಕೇಳುತ್ತಿದ್ದೆವಲ್ಲ, ಧ್ವನಿ ಮಂದವಾದದ್ದು ಒಂದು ಕಾರಣ, ತುಟಿ ಕಾಣದೇ ಹೋದದ್ದು ಇನ್ನೊಂದು.

ಇಷ್ಟೆಲ್ಲ ಊಹೆ ಮಾಡುವುದನ್ನು ಮಿದುಳು ಎಲ್ಲಿ ಕಲಿಯಿತು? ನಾನು ಇವತ್ತು ಬಂದಿರುವುದೇ ಇದನ್ನು ಹೇಳಲು.

1688ರಲ್ಲಿ ಐರ್ಲೆಂಡಿನ ವಿಲಿಯಂ ಮೊಲಿನೊ ಎಂಬವರು ತತ್ವಜ್ಞಾನಿ ಜಾನ್ ಲಾಕ್ ಅವರಿಗೆ ಒಂದು ಪ್ರಶ್ನೆ ಬರೆದು ಕಳಿಸಿದರು. ಹುಟ್ಟು ಕುರುಡನೊಬ್ಬ ಗುಂಡು ಮತ್ತು ಚೌಕಾಕಾರದ ಗಟ್ಟಿಯನ್ನು ಮುಟ್ಟಿ ಗುರುತಿಸಬಲ್ಲ. ಅವನಿಗೆ ಇದ್ದಕ್ಕಿದ್ದಂತೆ ದೃಷ್ಟಿ ಬಂದರೆ, ಮುಟ್ಟದೆ, ಬರೀ ನೋಡಿ ಯಾವುದು ಯಾವುದು ಎಂದು ಹೇಳುತ್ತಾನಾ? ಮೊಲಿನೊ ಅವರ ಹೆಂಡತಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾಗಾಗಿ ಆ ಪ್ರಶ್ನೆ ಸುಮ್ನೆ ತರ್ಕಕ್ಕೆ ಹುಟ್ಟಿದ್ದಲ್ಲ ಅನಿಸುತ್ತದೆ ನನಗೆ.

ಸರಿಯಾದ ಉತ್ತರಕ್ಕೆ ಮುನ್ನೂರು ವರ್ಷಕ್ಕೂ ಜಾಸ್ತಿ ಕಾಯಬೇಕಾಯಿತು, ಮತ್ತು ಅದು ಸಿಕ್ಕಿದ್ದು ನಮ್ಮ ದೇಶದಲ್ಲೇ. ಅಮೆರಿಕದ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿರುವ ಪವನ್ ಸಿನ್ಹಾ 'ಪ್ರಾಜೆಕ್ಟ್ ಪ್ರಕಾಶ್' ಎಂಬ ಕೆಲಸ ಶುರು ಮಾಡಿದರು. ಹುಟ್ಟಿನಿಂದಲೇ ಕಣ್ಣಿನಲ್ಲಿ ಪೊರೆ ಇದ್ದು, ಬಡತನದಿಂದ ಚಿಕಿತ್ಸೆ ಸಿಗದೆ ಉಳಿದ ಮಕ್ಕಳನ್ನು ಉತ್ತರ ಭಾರತದ ಹಳ್ಳಿಗಳಲ್ಲಿ ಹುಡುಕಿ ದೆಹಲಿಯಲ್ಲಿ ಆಪರೇಷನ್ ಮಾಡಿಸುವುದು, ಆಮೇಲೆ ಅವರು ನೋಡಲು ಹೇಗೆ ಕಲಿಯುತ್ತಾರೆ ಎಂದು ಗಮನಿಸುವುದು. ಅವರ ತಂಡ 2011ರಲ್ಲಿ 8ರಿಂದ 17 ವರ್ಷದ ಐದು ಮಕ್ಕಳ ಬಗ್ಗೆ ಬರೆಯಿತು. ಕಟ್ಟು ಬಿಚ್ಚಿದ ಕೂಡಲೇ ಪರೀಕ್ಷೆ. ಒಂದು ಆಟಿಕೆ ತುಂಡನ್ನು ಕೈಗೆ ಕೊಟ್ಟು ಮುಟ್ಟಲು ಹೇಳಿದರು, ಆಮೇಲೆ ಎರಡು ತುಂಡು ತೋರಿಸಿ, ಮುಟ್ಟಿದ್ದು ಇದರಲ್ಲಿ ಯಾವುದು ಎಂದು ಕೇಳಿದರು. ನೋಡಿದ್ದನ್ನು ನೋಡಿದ್ದಕ್ಕೆ ಹೊಂದಿಸಲು ಮಕ್ಕಳಿಗೆ ಬಂತು. ಮುಟ್ಟಿದ್ದನ್ನು ಮುಟ್ಟಿದ್ದಕ್ಕೆ ಹೊಂದಿಸಲೂ ಬಂತು. ಮುಟ್ಟಿದ್ದನ್ನು ನೋಡಿದ್ದಕ್ಕೆ ಹೊಂದಿಸಲು ಮಾತ್ರ ಆಗಲಿಲ್ಲ, ಹೆಚ್ಚುಕಡಿಮೆ ಕಣ್ಣುಮುಚ್ಚಿ ಆರಿಸಿದಷ್ಟೇ. ಆದರೆ ಕೆಲವೇ ದಿನ ಬಿಟ್ಟು ಮತ್ತೆ ಪರೀಕ್ಷಿಸಿದ ಮಕ್ಕಳು ಅದನ್ನೂ ಮಾಡಿ ತೋರಿಸಿದರು. ಯಾರೂ ಹೇಳಿಕೊಟ್ಟಿರಲಿಲ್ಲ!

ಇನ್ನೊಂದು ಸಂಗತಿ. ಹೀಗೆ ತಡವಾಗಿ ದೃಷ್ಟಿ ಪಡೆದವರಿಗೆ ಒಂದರ ಮೇಲೊಂದು ಬಿದ್ದ ವೃತ್ತ ಮತ್ತು ಚೌಕ ತೋರಿಸಿದರೆ, ಎರಡು ಆಕಾರದ ಬದಲು ಮೂರು ತುಂಡು ಕಾಣುತ್ತಿದ್ದವು. ಚೆಂಡಿನ ನೆರಳೂ ಅವರಿಗೆ ಬೇರೆ ವಸ್ತು. ನಮಗೆ ಎಲ್ಲಿ ಹಸು ಮುಗಿದು ಹುಲ್ಲು ಶುರುವಾಗುತ್ತದೆ ಎಂದು ಯೋಚಿಸದೆ ಗೊತ್ತಾಗುತ್ತದೆ, ಅವರಿಗೆ ಬರೀ ಬಣ್ಣದ ತೇಪೆಗಳು. ಆದರೆ ಆ ಆಕಾರಗಳು ಅಲುಗಾಡಿದರೆ ತಕ್ಷಣ ಹೊಳೆಯುತ್ತಿತ್ತು, ಒಟ್ಟಿಗೆ ಸರಿಯುವುದೆಲ್ಲ ಒಂದೇ ವಸ್ತು ಎಂದು. ಎಳೆಗೂಸು ತೊಟ್ಟಿಲ ಮೇಲೆ ತೂಗುವ ಗಿಲಕಿಯನ್ನು ಬಿಡದೆ ನೋಡುತ್ತದಲ್ಲ, ಆಗ ನನಗೆ ಇದೇ ನೆನಪಾಗುತ್ತದೆ.

ಆದರೆ ತಡವಾದರೆ ಎಲ್ಲವೂ ವಾಪಸ್ ಬರುವುದಿಲ್ಲ. ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿ ನೋಡಿದರು. ಕಣ್ಣು ತೆರೆದ ಮೇಲೆ ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಅದರ ಮಾತು ಕೇಳುವ ಕೋಶಗಳು ಮಿದುಳಿನಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಇನ್ನೊಂದು ಕಣ್ಣು ಆ ಜಾಗವನ್ನೆಲ್ಲ ತೆಗೆದುಕೊಂಡುಬಿಟ್ಟಿತ್ತು. 1981ರಲ್ಲಿ ಅವರಿಗೂ ನೊಬೆಲ್ ಬಂತು.

ನಮ್ಮ ಮನೆಯಲ್ಲೇ ಇದು ಆಗಿದೆ. ನನ್ನ ತಮ್ಮನ ಒಂದು ಕಣ್ಣಿನ ಪವರ್ ಚಿಕ್ಕಂದಿನಿಂದಲೇ ತುಂಬಾ ಜಾಸ್ತಿ ಇತ್ತು. ಯಾರಿಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ, ಏಕೆಂದರೆ ಇನ್ನೊಂದು ಕಣ್ಣು ಎಲ್ಲ ಕೆಲಸ ಮಾಡುತ್ತಿತ್ತು. ಗೊತ್ತಾಗಿದ್ದು ಪಿಯುಸಿಯಲ್ಲಿ. ಕನ್ನಡಕ ಹಾಕಿದರೂ ಆ ಕಣ್ಣು ಸರಿಯಾಗಿ ಕಾಣಲಿಲ್ಲ. ಕಾಫಿ ಬಗ್ಗಿಸುವಾಗ ಅವನು ಈಗಲೂ ಲೋಟದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಾನೆ.

ಅದಕ್ಕೆ ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರನ್ನು ಕೇಳಿಕೊಳ್ಳುತ್ತೇನೆ. ಇವತ್ತು ಮನೆಗೆ ಹೋಗಿ ಮಗುವಿನ ಒಂದು ಕಣ್ಣು ಮುಚ್ಚಿ, ದೂರದ ಕ್ಯಾಲೆಂಡರ್ ತೋರಿಸಿ. ಆಮೇಲೆ ಇನ್ನೊಂದು ಕಣ್ಣು. ಮಾತು ಬರದ ಕೂಸಾದರೆ, ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದನ್ನು ಮುಚ್ಚಿದಾಗ ಮಾತ್ರ ಅತ್ತು ಕೈ ತಳ್ಳುತ್ತದಾ ನೋಡಿ. ಫ್ಲಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ ಅದೇ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ದೊಡ್ಡವನಾದ ಮೇಲೆ ಸರಿಹೋಗುತ್ತೆ ಎಂದು ಪಕ್ಕದ ಮನೆಯವರು ಹೇಳಿದರೂ ಹೋಗಿ, ನಮ್ಮಮ್ಮನಿಗೆ ಹಾಗೆ ಹೇಳಿದವರು ಬಹಳ ಜನ ಇದ್ದರು.